ಕಂತಿನ ಹಿಂದಿನ ರಾತ್ರಿ ನಿದ್ದೆ ಬರಲ್ಲ: ಮೊದಲು ಲೆಕ್ಕನಾ, ಡಾಕ್ಟ್ರಾ?

ಸಂಘದಪುಸ್ತಕ (ಚಿಂತಾಮಣಿ)
ಹೆಣ್ಮಕ್ಕಳ ಸಂಘಗಳಲ್ಲಿ ಈಗ ಎಲ್ಲಿ ನೋಡಿದ್ರೂ ಇದೇ ಮಾತು. ಕಂತಿನ ಹಿಂದಿನ ರಾತ್ರಿ ಕಣ್ಣಿಗೆ ಕಣ್ಣು ಅಂಟಲ್ಲ, ಎದೆ ಡವಡವ, ಬೆಳಗಾದ್ರೆ ಮಕ್ಕಳ ಮೇಲೆ ರೇಗಾಟ. ಗಂಡಸರದ್ದು ಇನ್ನೊಂದು ತರ: ಫೋನ್ ಸ್ವಿಚ್ ಆಫ್, ಬ್ಯಾಂಕಿನಿಂದ ಬಂದ ಕವರ್ ಒಡೆಯದೆ ಟಿವಿ ಹಿಂದೆ ಸಿಕ್ಕಿಸೋದು. ಸಾಲ ತೀರಿದ್ರೆ ನಿದ್ದೆ ತಾನೇ ಬರುತ್ತೆ ಅಂತಾರೆ ಕೆಲವರು. ಮೊದಲು ಮನಸ್ಸಿನ ಡಾಕ್ಟ್ರಿಗೆ ತೋರಿಸಿ ಅಂತಾರೆ ಇನ್ನು ಕೆಲವರು. ಸಂಘದ ಲೆಕ್ಕ ಬರೆಯೋರು ಇವರಿಗೆ ಏನು ಹೇಳಬೇಕು? ತಿಳಿದೋರು ಬಿಡಿಸಿ ಬರೀರಿ. "ಧೈರ್ಯವಾಗಿರಿ" ಒಂದು ಬೇಡ, ಅದು ಎಲ್ಲರೂ ಹೇಳಿ ಆಗಿದೆ.

ಬಂಗಾರಪೇಟೆ_ಪ್ಯಾಸೆಂಜರ್
ಇದರಲ್ಲಿ ಡಾಕ್ಟ್ರು ಯಾಕೆ ಬಂದ್ರು? ಬರೋದು ಕಮ್ಮಿ, ಹೋಗೋದು ಜಾಸ್ತಿ, ನಿದ್ದೆ ಹೋಗದೆ ಇನ್ನೇನಾಗುತ್ತೆ. ಮಾತ್ರೆ ನುಂಗಿದ್ರೆ ಕಂತು ಕಟ್ಟಾಗುತ್ತಾ? ಬಡತನಕ್ಕೆ ಕಾಯಿಲೆ ಅಂತ ಹೆಸರಿಟ್ಟು ಕೈ ತೊಳ್ಕೊಳ್ಳೋದು ಸುಲಭ.

ನರ್ಸಕ್ಕ
ಪ್ಯಾಸೆಂಜರ್ ಅಣ್ಣ, ಅರ್ಧ ಒಪ್ತೀನಿ. ಕಂತಿನ ಹಿಂದಿನ ಒಂದು ರಾತ್ರಿ ನಿದ್ದೆ ಬರಲ್ಲ, ಕಟ್ಟಿ ಬಂದ ಮೇಲೆ ಬರುತ್ತೆ ಅಂದ್ರೆ ಅದು ಚಿಂತೆ, ಕಾಯಿಲೆ ಅಲ್ಲ. ಕಂತು ಕಟ್ಟಿದ ಮೇಲೂ ಬರ್ತಿಲ್ಲ, ರಾತ್ರಿ ಮೂರಕ್ಕೇ ಎಚ್ಚರ, ಊಟ ಸೇರಲ್ಲ, ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸದಲ್ಲೂ ಮನಸ್ಸಿಲ್ಲ, ಹೀಗೆ ಎರಡು ವಾರ ಎಳೀತು ಅಂದ್ರೆ ತೋರಿಸಲೇಬೇಕು. ಹತ್ತು ರಾತ್ರಿ ನಿದ್ದೆ ಕೆಟ್ಟ ತಲೆಗೆ ಕೂಡಿಸಿ ಕಳೆಯೋಕೂ ಆಗಲ್ಲ. ಕವರ್ ಒಡೆಯದೆ ಇಡೋದೂ ಸೋಮಾರಿತನ ಅಲ್ಲ, ಭಯಕ್ಕೆ ಕಣ್ಣು ಮುಚ್ಕೊಳ್ಳೋದು. ಬಡ್ಡಿ ಮಾತ್ರ ಕಣ್ಣು ಮುಚ್ಚಲ್ಲ, ಅದೇ ತೊಂದರೆ.

ದೂರ ಹೋಗೋದು ಬೇಡ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ನಡೀತಿದೆ, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಫೋನಲ್ಲಿ "ಮನಸ್ಸು ಸರಿ ಇಲ್ಲ" ಅಂತಷ್ಟೇ ಹೇಳಬೇಡಿ. ಎಷ್ಟು ದಿನದಿಂದ, ಎಷ್ಟು ಗಂಟೆ ನಿದ್ದೆ, ಊಟ ಹೇಗಿದೆ, ಸಾಲದ ಒತ್ತಡ ಇದೆ, ಸಾಯೋ ಯೋಚನೆ ಬಂದಿದೆಯೋ ಇಲ್ಲವೋ, ಇಷ್ಟನ್ನೂ ನೇರವಾಗಿ ಹೇಳಿ. ಮುಖಾಮುಖಿ ಬೇಕು ಅಂದ್ರೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಕೋಲಾರದಲ್ಲಿ ಅದು ಎಸ್‌ಎನ್‌ಆರ್ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಬರ್ತಾರೆ, ಯಾವ ಮಂಗಳವಾರ ಅಂತ ಮೊದಲೇ ಆಸ್ಪತ್ರೆಯಲ್ಲಿ ಕೇಳ್ಕೊಂಡು ಹೋಗಿ. ಖಿನ್ನತೆಯ ಮಾತ್ರೆ ಕೆಲಸ ತೋರಿಸೋಕೆ ಎರಡರಿಂದ ನಾಲ್ಕು ವಾರ ಬೇಕು. ನಾಲ್ಕೇ ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಿಡೋರೇ ಜಾಸ್ತಿ.

ಇನ್ನೊಂದು ಮಾತು, ನಮ್ಮ ಕಡೆ ಬೇಕಾದ್ದು. ಯಾರಾದ್ರೂ "ನಾನಿಲ್ಲದಿದ್ರೆ ಎಲ್ಲ ಸರಿ ಹೋಗುತ್ತೆ" ಅನ್ನೋ ತರ ಮಾತಾಡಿದ್ರೆ, ಟೊಮೆಟೊಗೆ ಹೊಡೆಯೋ ಔಷಧಿ ಡಬ್ಬಗಳನ್ನ ಅವತ್ತೇ ಮನೆಯಿಂದ ಬೇರೆ ಕಡೆ ಸಾಗಿಸಿ, ಒಬ್ಬರನ್ನೇ ಬಿಡಬೇಡಿ. ಆಮೇಲೆ ಮಿಕ್ಕಿದ್ದು.

ಲೆಕ್ಕದ_ಮೇಷ್ಟ್ರು (ಮಾಲೂರು)
ಯಾವುದು ಮೊದಲು ಅನ್ನೋದಕ್ಕಿಂತ ಯಾವ ಹೊತ್ತಲ್ಲಿ ಅನ್ನೋದು ಮುಖ್ಯ. ರಾತ್ರಿ ದೀಪ ಆರಿಸಿ ಮಲಗಿ ತಲೆಯಲ್ಲೇ ಲೆಕ್ಕ ಹಾಕೋದನ್ನ ಮೊದಲು ನಿಲ್ಲಿಸಬೇಕು. ಆ ಲೆಕ್ಕ ಯಾವತ್ತೂ ಮುಗಿಯಲ್ಲ, ಒಂದೇ ಸಾಲ ಮೂರು ಸಲ ಕೂಡ್ಕೊಂಡು ಬರುತ್ತೆ. ಭಾನುವಾರ ಬೆಳಿಗ್ಗೆ ತಿಂಡಿ ಆದ್ಮೇಲೆ, ಗಂಡ ಹೆಂಡ್ತಿ ಇಬ್ಬರೂ ಕೂತು, ಅರ್ಧ ಗಂಟೆ. ಒಂದು ಉದ್ದ ಹಾಳೆ. ಕಲಂಗಳು ಹೀಗೆ: ಯಾರಿಗೆ, ಇನ್ನು ಎಷ್ಟು ಬಾಕಿ, ಬಡ್ಡಿ ಎಷ್ಟು, ಕಂತು ಎಷ್ಟು, ತಾರೀಖು ಯಾವುದು. ಬಡ್ಡಿಯನ್ನೆಲ್ಲ ವರ್ಷದ ಲೆಕ್ಕಕ್ಕೆ ತನ್ನಿ. ನೂರಕ್ಕೆ ಮೂರು ರೂಪಾಯಿ ಅಂದ್ರೆ ಕೇಳೋಕೆ ಸಣ್ಣದು, ವರ್ಷಕ್ಕೆ 36 ಪರ್ಸೆಂಟ್.

ಒಂದು ಮನೆ ಹೀಗಿದೆ ಅಂತ ಇಟ್ಕೊಳ್ಳಿ. ಡೈರಿ ಬಟವಾಡೆ ತಿಂಗಳಿಗೆ 10,000, ನರಸಾಪುರ ಕಡೆ ಫ್ಯಾಕ್ಟರಿ ಕಾಂಟ್ರಾಕ್ಟ್ ಕೂಲಿ 14,000, ಒಟ್ಟು 24,000. ಹೋಗೋದು: ಒಂದು ಸಂಘದ ಸಾಲ ಹದಿನೈದು ದಿನಕ್ಕೆ 1,300 ಅಂದ್ರೆ 2,600, ಇನ್ನೊಂದು ಸಂಘದ್ದು 2,450, ಬೈಕ್ ಇಎಂಐ 2,900, ಆ್ಯಪ್ ಮತ್ತು ಕಾರ್ಡ್ ಸೇರಿ 4,000, ಕೈಸಾಲ 50,000ಕ್ಕೆ ಮೂರು ರೂಪಾಯಿ ಬಡ್ಡಿ 1,500. ಒಟ್ಟು 13,450. ಉಳಿಯೋದು 10,550. ಅಕ್ಕಿ, ಹಿಂಡಿ, ಫೀಸು, ಗ್ಯಾಸು ಎಲ್ಲ ಇದರಲ್ಲೇ.

ಈಗ ನೋಡಿ, 2022ರ ಏಪ್ರಿಲ್ 1ರಿಂದ ಆರ್‌ಬಿಐ ನಿಯಮ ಇದೆ: ವರ್ಷಕ್ಕೆ 3 ಲಕ್ಷದವರೆಗೆ ಆದಾಯದ ಮನೆಗೆ ಮೈಕ್ರೋಫೈನಾನ್ಸ್ (ಅಡಮಾನ ಇಲ್ಲದ ಸಾಲ, ನಮ್ಮ ಸಂಘದ ಸಾಲ ಇದೇ) ಕೊಡುವಾಗ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಈ ಮನೆಯ ಅರ್ಧ 12,000. ಕೈಸಾಲ ಸಿಬಿಲ್‌ನಲ್ಲಿ (ಯಾರ್ಯಾರ ಸಾಲ ಎಷ್ಟು ಅಂತ ದಾಖಲೆ ಇಡೋ ಕಂಪನಿ) ಕಾಣಲ್ಲ, ಅದು ಬಿಟ್ರೆ 11,950. ಕಾಗದದ ಮೇಲೆ ಎಲ್ಲ ಸರಿ. ಮನೆಯಲ್ಲಿ ಮಾತ್ರ ನಿದ್ದೆ ಇಲ್ಲ.

ಕೌಂಟರ್_ನಂ_3
ಮೇಷ್ಟ್ರೇ, ಒಂದು ತಿದ್ದುಪಡಿ. ಸಂಘದವರ "ಹದಿನೈದು ದಿನ" ಅಂದ್ರೆ ಲೆಕ್ಕಕ್ಕೆ 14 ದಿನ, ವಾರ ಬದಲಾಗಲ್ಲ. ಹಾಗಾಗಿ ವರ್ಷಕ್ಕೆ 24 ಕಂತಲ್ಲ, 26. 1,300ರಂತೆ ವರ್ಷಕ್ಕೆ 33,800, ತಿಂಗಳಿಗೆ 2,817 ಬೀಳುತ್ತೆ. ಆ ಲೆಕ್ಕ ಹಿಡಿದ್ರೆ ನಿಮ್ಮ 11,950 ಹೋಗಿ 12,167 ಆಯ್ತು, ಮಿತಿ ಕಾಗದದ ಮೇಲೇ ದಾಟಿದೆ. ವರ್ಷದಲ್ಲಿ ಎರಡು ತಿಂಗಳು ಮೂರು ಮೂರು ಕಂತು ಬರುತ್ತೆ. "ಹೋದ ತಿಂಗಳು ಸರಿ ಹೋಯ್ತು, ಈ ತಿಂಗಳು ಯಾಕೋ ಸಾಲಲಿಲ್ಲ" ಅಂತಾರಲ್ಲ, ಅದು ಈ ತಿಂಗಳೇ. ಕ್ಯಾಲೆಂಡರ್ ತೆಗೆದು ಆ ಎರಡು ತಿಂಗಳಿಗೆ ಈಗಲೇ ಸುತ್ತು ಹಾಕಿಡಿ.

ಇನ್ನೊಂದು, ತಾರೀಖು. ಇಎಂಐ 5ಕ್ಕೆ ಕಟ್ಟಾಗುತ್ತೆ, ಕಾಂಟ್ರಾಕ್ಟ್ ಸಂಬಳ 7ಕ್ಕೋ 10ಕ್ಕೋ ಬರುತ್ತೆ. ದುಡ್ಡು ಬರೋದಿದ್ರೂ ಬೌನ್ಸ್. ಬ್ಯಾಂಕಿಂದ ಒಂದು ದಂಡ, ಅದಕ್ಕೆ ಜಿಎಸ್‌ಟಿ, ಸಾಲ ಕೊಟ್ಟೋರದ್ದು ಇನ್ನೊಂದು. ಅದೇ ತಿಂಗಳು ಅವರು ಮತ್ತೆ ಪ್ರೆಸೆಂಟ್ ಮಾಡಿದ್ರೆ, ಅಂದ್ರೆ ಕಡಿತಕ್ಕೆ ಇನ್ನೊಮ್ಮೆ ಕಳಿಸಿದ್ರೆ, ಬ್ಯಾಂಕ್ ದಂಡ ಮತ್ತೆ. ಬರೀ ತಾರೀಖು ಬದಲಾಯಿಸೋಕೆ ಅರ್ಜಿ ಕೊಟ್ರೆ ಬಹಳ ಕಡೆ ಮಾಡ್ತಾರೆ, ಕೇಳೋರೇ ಇಲ್ಲ.

ಚಿಂತಾಮಣಿ_ಹುಡುಗ
ಸಾಲ ಕಟ್ಟದಿದ್ರೆ ಏನೂ ಮಾಡೋಕಾಗಲ್ಲ ರೀ. ಸರ್ಕಾರ 2025ರಲ್ಲಿ ಕಾನೂನು ತಂದು ಮೈಕ್ರೋಫೈನಾನ್ಸ್ ಸಾಲ ಎಲ್ಲ ಮನ್ನಾ ಮಾಡಿದೆ. ಸುಮ್ನೆ ಯಾಕೆ ನಿದ್ದೆ ಕೆಡಿಸ್ಕೊಳ್ತೀರ.

ಕೌಂಟರ್_ನಂ_3
ಹೀಗೆ ಹೇಳೇ ಜನ ಹಾಳಾಗೋದು ತಮ್ಮ. 2025ರ ಫೆಬ್ರವರಿ 12ರ ಸುಗ್ರೀವಾಜ್ಞೆ, ಆಮೇಲೆ ಬಂದ ಕಾಯ್ದೆ, ಎರಡೂ ಬಲವಂತದ ವಸೂಲಿ ತಡೆಯೋಕೆ. ಲೈಸೆನ್ಸ್, ನೋಂದಣಿ ಯಾವುದೂ ಇಲ್ಲದೋರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಮಾತ್ರ ಬಡ್ಡಿ ಸಮೇತ ರದ್ದು. ಆರ್‌ಬಿಐನಲ್ಲಿ ನೋಂದಾಯಿಸಿದ ಬ್ಯಾಂಕು, ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ) ಸಾಲಕ್ಕೆ ಅದು ಅನ್ವಯ ಆಗಲ್ಲ. ಸಂಘದ ಸಾಲ ಬಹುಪಾಲು ಅಂಥವರದ್ದೇ. ಲೋನ್ ಕಾರ್ಡ್ ತಿರುಗಿಸಿ ಕಂಪನಿ ಹೆಸರು ನೋಡಿ.

"ಏನೂ ಮಾಡೋಕಾಗಲ್ಲ" ಅನ್ನೋದೂ ಪೂರ್ತಿ ನಿಜ ಅಲ್ಲ. ಕಂತು ತಪ್ಪಿದ ಮಾತ್ರಕ್ಕೆ ಪೊಲೀಸ್ ಹಿಡ್ಕೊಂಡು ಹೋಗಲ್ಲ, ಅದು ಸಿವಿಲ್ ವ್ಯವಹಾರ. ಆದ್ರೆ ಚೆಕ್ ಕೊಟ್ಟು ಬೌನ್ಸ್ ಆದ್ರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ, ಖಾತೆಯಿಂದ ಆಟೋ ಡೆಬಿಟ್ ಬೌನ್ಸ್ ಆದ್ರೆ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಂ, ಎರಡರಲ್ಲೂ ಕೇಸ್ ಹಾಕೋಕೆ ಬರುತ್ತೆ. ನೋಟಿಸ್ ಬಂದ್ರೆ ಒಡೆದು ತಾರೀಖು ನೋಡಬೇಕು ಅನ್ನೋದು ಅದಕ್ಕೇ.

ಹಳೇಪೇಟೆ
2009ರಲ್ಲಿ ಕೋಲಾರ ಟೌನಲ್ಲೇ ಕಂತು ಕಟ್ಟಬೇಡಿ ಅಂತ ಕರೆ ಕೊಟ್ಟಿದ್ರು. ಕೊನೆಗೆ ಸಾಲ ಕೊಡೋರು ಬರೋದೇ ನಿಲ್ಲಿಸಿದ್ರು. ಆಗ ಸಾಲ ಕೊಡೋಕೆ ನಿಲ್ಲೋರು ಯಾರು? ಮೀಟರ್ ಬಡ್ಡಿಯೋರು.

ಬಂಗಾರಪೇಟೆ_ಪ್ಯಾಸೆಂಜರ್
ಅದು ಸರಿ ಸಾರ್, ಆದ್ರೆ ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲಲ್ಲಿ ಕೂರ್ತಾರಲ್ಲ, ಅದಕ್ಕೇನು? ಗ್ರೂಪಿನ ಮಿಕ್ಕ ಹೆಂಗಸರನ್ನ ಎಬ್ಬಿಸದೆ ಕೂರಿಸ್ಕೊಂಡು, "ಅವಳು ಕಟ್ಟೋವರೆಗೂ ಯಾರೂ ಹೋಗಂಗಿಲ್ಲ" ಅನ್ನೋದು? ನಿದ್ದೆ ಕೆಡಿಸೋದು ದುಡ್ಡಿಗಿಂತ ಈ ಅವಮಾನ.

ಕೌಂಟರ್_ನಂ_3
ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡೋದೇ ತಪ್ಪು. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು. ಅಲ್ಲಿಗೆ ಸತತ ಎರಡು ಸಲ ಬರದಿದ್ರೆ ಮಾತ್ರ ಮನೆ ಹತ್ತಿರ ಬರಬಹುದು. ಬೈಗುಳ, ಬೆದರಿಕೆ, ನೆಂಟರಿಗೆ ಜತೆ ಕೆಲಸದವರಿಗೆ ಕಾಟ, ಹೆಸರು ಬೋರ್ಡಲ್ಲಿ ಹಾಕೋದು, ಯಾವುದೂ ನಡೆಯಲ್ಲ.

ದಾರಿ ಇದು: ಯಾರು ಬಂದ್ರು, ಎಷ್ಟೊತ್ತಿಗೆ, ಏನಂದ್ರು ಅಂತ ಅವತ್ತೇ ಬರೆದಿಡಿ. ಲೋನ್ ಕಾರ್ಡಿನಲ್ಲಿರೋ ದೂರು ನಂಬರಿಗೆ ಹೇಳಿ ದೂರಿನ ಸಂಖ್ಯೆ ತಗೊಳ್ಳಿ. 30 ದಿನದಲ್ಲಿ ಉತ್ತರ ಬರಲಿಲ್ಲ ಅಥವಾ ಸಮಾಧಾನ ಆಗಲಿಲ್ಲ ಅಂದ್ರೆ ಆರ್‌ಬಿಐ ಒಂಬುಡ್ಸ್‌ಮನ್ (ಇಂಥ ದೂರು ವಿಚಾರಿಸೋ ಅಧಿಕಾರಿ), ಸಹಾಯವಾಣಿ 14448, ಫೀಸಿಲ್ಲ. ಕಂಪನಿಗೆ ದೂರು ಕೊಡದೆ ನೇರ ಅಲ್ಲಿಗೆ ಹೋದ್ರೆ ವಾಪಸ್ ಕಳಿಸ್ತಾರೆ. ಬಹಳ ಜನ ಎಡವೋದು ಇಲ್ಲೇ. ಬೆದರಿಕೆ, ಕೈ ಮಾಡೋದು ಆದ್ರೆ ಕಾಯೋದು ಬೇಡ, ಸ್ಟೇಷನ್ನಿಗೆ ಹೋಗಿ. ವಕೀಲರು ಬೇಕು ಅಂದ್ರೆ 15100, ಕಾನೂನು ಸೇವಾ ಪ್ರಾಧಿಕಾರ. ಹೆಣ್ಮಕ್ಕಳಿಗೆ ಆದಾಯ ಎಷ್ಟಿದ್ರೂ ಉಚಿತ.

ರೇಷ್ಮೆಗೂಡು (ಶಿಡ್ಲಘಟ್ಟ)
ನೀವೆಲ್ಲ ತಿಂಗಳ ಸಂಬಳದ ಲೆಕ್ಕ ಹೇಳ್ತಿದ್ದೀರ. ಇಲ್ಲಿ ದುಡ್ಡು ತಿಂಗಳಿಗೆ ಬರಲ್ಲ. ರೇಷ್ಮೆ ಹುಳ ಗೂಡು ಕಟ್ಟೋಕೆ 25ರಿಂದ 28 ದಿನ, ನಡುವೆ ಸಪ್ಪೆ ರೋಗ ಬಂತು, ಸುಣ್ಣಕಟ್ಟು ಬಂತು ಅಂದ್ರೆ ಆ ಬೆಳೆ ಪೂರ್ತಿ ಸೊನ್ನೆ, ಸೊಪ್ಪಿನ ದುಡ್ಡೂ ಹೋಯ್ತು. ಟೊಮೆಟೊ ಇನ್ನೂ ಕಷ್ಟ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸು 2,000 ದಾಟಿತ್ತು, ಕೆಲವೇ ತಿಂಗಳಲ್ಲಿ ಕೀಳೋ ಕೂಲಿ ಹುಟ್ಟಿದ್ರೆ ಸಾಕು ಅನ್ನಂಗಾಯ್ತು. ಕಂತು ಮಾತ್ರ ರೇಟ್ ನೋಡ್ಕೊಂಡು ಬರಲ್ಲ.

ರೇಟ್ ಬಂದ ವರ್ಷ ಟ್ರ್ಯಾಕ್ಟರಿಗೆ ಅಡ್ವಾನ್ಸ್ ಕೊಟ್ಟು ಮಿಕ್ಕಿದ್ದು ಇಎಂಐ ಮಾಡ್ತಾರೆ, ಮುಂದಿನ ಮೂರು ವರ್ಷದ ನಿದ್ದೆ ಅಲ್ಲೇ ಅಡ ಇಟ್ಟಂಗೆ. ಒಳ್ಳೆ ರೇಟ್ ಸಿಕ್ಕಾಗ ಮೊದಲು ಮುಂದಿನ ಒಂದು ಬೆಳೆಯ ಪೂರ್ತಿ ಖರ್ಚು ಬೇರೆ ಖಾತೆಗೆ: ಮೊಟ್ಟೆ ಅಥವಾ ಸಸಿ, ಗೊಬ್ಬರ, ಔಷಧಿ, ಕೂಲಿ. ಎರಡನೇದು ಮೂರು ತಿಂಗಳ ಕಂತು. ಆಮೇಲೆ ದೊಡ್ಡ ಬಡ್ಡಿಯ ಸಾಲ. ಟ್ರ್ಯಾಕ್ಟರ್ ಕೊನೆಗೆ.

ಸೊಸೈಟಿ_ಸದಸ್ಯ
ಮೇಲಿನೋರು ಸೊಸೈಟಿ ಸಾಲ (ಸಹಕಾರ ಸಂಘ ರೈತರಿಗೆ ಕೊಡೋ ಬೆಳೆ ಸಾಲ) ಮರೆತ್ರು. 5 ಲಕ್ಷದವರೆಗೆ ಶೂನ್ಯ ಬಡ್ಡಿ, ಆದ್ರೆ ಗಡುವಿನೊಳಗೆ ಕಟ್ಟಿದ್ರೆ ಮಾತ್ರ. ಗಡುವು ತಪ್ಪಬಾರದು ಅಂತ ಜನ ನಾಲ್ಕು ದಿನಕ್ಕೆ ಮೀಟರ್ ಬಡ್ಡಿ ತಂದು ಕಟ್ಟಿ, ಹೊಸ ಸಾಲ ಬಂದ ಕೂಡ್ಲೇ ತೀರಿಸೋದು ಅನ್ಕೊಳ್ತಾರೆ. ಹೊಸ ಸಾಲ ಮಂಜೂರಾಗೋದು ತಡ ಆದ್ರೆ ನಾಲ್ಕು ದಿನದ್ದು ನಲವತ್ತು ದಿನ. ಕಟ್ಟೋ ಮುಂಚೆ ಸೆಕ್ರೆಟರಿ ಹತ್ರ ಒಂದೇ ಪ್ರಶ್ನೆ ಕೇಳಿ: ಮರುಸಾಲ ಯಾವ ದಿನ ಖಾತೆಗೆ ಬೀಳುತ್ತೆ?

ಮಾವಿನತೋಪು
ಇವತ್ತು ಗೂಡು ಎಷ್ಟಕ್ಕೆ ಹೋಯ್ತು ರೇಷ್ಮೆಯಣ್ಣ?

ರೇಷ್ಮೆಗೂಡು (ಶಿಡ್ಲಘಟ್ಟ)
ಬೇರೆ ಕಡೆ ಕೇಳಪ್ಪ, ಇಲ್ಲಿ ನಿದ್ದೆ ರೇಟ್ ನಡೀತಿದೆ.

ವೇಮಗಲ್_ಶಿಫ್ಟ್
ಆ್ಯಪ್ ಸಾಲದ ಬಗ್ಗೆ ಯಾರೂ ಬಿಡಿಸಿ ಬರೀಲಿಲ್ಲ. ಹುಡುಗರ ನಿದ್ದೆ ಹೋಗ್ತಿರೋದು ಅದರಲ್ಲಿ. 5,000 ಸಾಲ ಅಂತ ತೋರಿಸಿ ಕೈಗೆ 3,200 ಹಾಕ್ತಾರೆ, ಏಳನೇ ದಿನ 5,000 ಕಟ್ಟು ಅಂತಾರೆ. 3,200ಕ್ಕೆ ವಾರಕ್ಕೆ 1,800, ಅಂದ್ರೆ 56 ಪರ್ಸೆಂಟ್, ಅದೂ ಒಂದೇ ವಾರಕ್ಕೆ! ಅದನ್ನ ತೀರಿಸೋಕೆ ಇನ್ನೊಂದು ಆ್ಯಪ್. ಆಮೇಲೆ ಫೋಟೊ ಕೆಡಿಸಿ ಮನೆಯೋರಿಗೆ ಕಳಿಸ್ತೀವಿ ಅಂತ ಬೆದರಿಕೆ.

ಮಾಡಬೇಕಾದ್ದು: ಮೊದಲು ಎಲ್ಲ ಮೆಸೇಜು, ನಂಬರು, ಯುಪಿಐ ಐಡಿ ಸ್ಕ್ರೀನ್‌ಶಾಟ್ ತೆಗೀರಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಕಾಂಟ್ಯಾಕ್ಟ್, ಗ್ಯಾಲರಿ ಅನುಮತಿ ತೆಗೆದು, ಕೊನೆಗೆ ಆ್ಯಪ್ ಅಳಿಸಿ. ಮೊದಲೇ ಅಳಿಸಿದ್ರೆ ಪುರಾವೆ ಹೋಗುತ್ತೆ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು. ಜತೆಗೆ ನೀವೇ ಮೊದಲು ಮನೆಯೋರಿಗೆ, ಗೆಳೆಯರಿಗೆ ಒಂದು ಮೆಸೇಜ್ ಹಾಕಿಬಿಡಿ: "ನನ್ನ ಫೋನ್ ನಂಬರು ಒಂದು ಮೋಸದ ಸಾಲದ ಆ್ಯಪಿಗೆ ಸಿಕ್ಕಿದೆ, ನನ್ನ ಹೆಸರಲ್ಲಿ ಏನೇ ಬಂದ್ರೂ ತೆರೀಬೇಡಿ, ದೂರು ಕೊಟ್ಟಿದ್ದೀನಿ." ಬೆದರಿಕೆಯ ಅರ್ಧ ಬಲ ಅಲ್ಲೇ ಹೋಗುತ್ತೆ, ಅವರು ಬಂಡವಾಳ ಮಾಡ್ಕೊಂಡಿರೋದೇ ನಿಮ್ಮ ಗುಟ್ಟನ್ನ. ನಿಯಮದ ಪ್ರಕಾರ ಸಾಲದ ಆ್ಯಪ್ ಕಾಂಟ್ಯಾಕ್ಟ್ ಲಿಸ್ಟ್ ಮುಟ್ಟೋಹಾಗೇ ಇಲ್ಲ. ಅಧಿಕೃತ ಆ್ಯಪ್‌ಗಳ ಪಟ್ಟಿ ಆರ್‌ಬಿಐ ವೆಬ್‌ಸೈಟಲ್ಲಿದೆ.

ಲೆಕ್ಕದ_ಮೇಷ್ಟ್ರು (ಮಾಲೂರು)
ಕಾರ್ಡಿನದ್ದೂ ಅದೇ ಕಥೆ, ನಿಧಾನಕ್ಕೆ. 40,000 ಬಾಕಿ, ತಿಂಗಳಿಗೆ 3.5 ಪರ್ಸೆಂಟ್ ಅಂದ್ರೆ 1,400 ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 252. "ಮಿನಿಮಮ್ ಡ್ಯೂ" 5 ಪರ್ಸೆಂಟ್, 2,000 ಕಟ್ಟಿದ್ರೆ ಅಸಲಿಗೆ ಹೋಗೋದು 348 ರೂಪಾಯಿ. ಅದಕ್ಕೇ ದೊಡ್ಡ ಬಡ್ಡಿದು ಮೊದಲು ತೀರಿಸಿ.

ನರ್ಸಕ್ಕ
ಇಲ್ಲಿ ಮೇಷ್ಟ್ರ ಜತೆ ಜಗಳ. ಲೆಕ್ಕಕ್ಕೆ ದೊಡ್ಡ ಬಡ್ಡಿ ಮೊದಲು, ಸರಿ. ಆದ್ರೆ ಸೋತು ಕೂತ ಮನುಷ್ಯನಿಗೆ ಸಣ್ಣ ಸಾಲ ಒಂದು ಪೂರ್ತಿ ತೀರಿ, ಹಾಳೆಯಲ್ಲಿ ಒಂದು ಸಾಲು ಅಡ್ಡಗೀರು ಬಿದ್ರೆ ಬೆನ್ನು ನೆಟ್ಟಗಾಗುತ್ತೆ. ಅಂಗಡಿ ಲೆಕ್ಕ 1,800 ಇದ್ರೆ ಅದು ಮೊದಲು. ದಿನಾ ಆ ಅಂಗಡಿ ಮುಂದೆ ತಲೆ ತಗ್ಗಿಸಿ ಹೋಗೋದು ತಪ್ಪುತ್ತೆ.

ಲೆಕ್ಕದ_ಮೇಷ್ಟ್ರು (ಮಾಲೂರು)
ಅಂಗಡಿದು ಒಪ್ತೀನಿ. ಆದ್ರೆ ಅದೇ ನೆಪದಲ್ಲಿ 36 ಪರ್ಸೆಂಟಿನ ಕೈಸಾಲ ಬಿಟ್ಟು ಚಿನ್ನದ ಸಾಲ ತೀರಿಸೋದು ಬೇಡ. ಸಣ್ಣದು ಒಂದೇ ಒಂದು, ಆಮೇಲೆ ಬಡ್ಡಿ ಕ್ರಮ.

ಕೈವಾರದ_ಕಡೆಯೋಳು
ಹಾಳೆಯಲ್ಲಿ ಬರೀದೆ ಬಿಡೋ ಸಾಲಗಳನ್ನ ಯಾರೂ ಹೇಳಲಿಲ್ಲ. ಎತ್ತಿಕೊಂಡ ಚೀಟಿಯ ಮಿಕ್ಕ ಕಂತು, ತಂಗಿ ಹತ್ರ ಈಸ್ಕೊಂಡು ಅಡ ಇಟ್ಟ ಸರ, ಮಾವ ಫೀಸಿಗೆ ಕೊಟ್ಟ ದುಡ್ಡು. ಬಡ್ಡಿ ಇಲ್ಲ ಅಂತ ಬಿಡ್ತಾರೆ, ಆದ್ರೆ ಎದೆ ಮೇಲೆ ಕೂತಿರೋದು ಅವೇ. ತಂಗಿ ಸರ ಹರಾಜಿಗೆ ಹೋಗುತ್ತೇನೋ ಅನ್ನೋ ಭಯ ಬ್ಯಾಂಕ್ ನೋಟಿಸಿಗಿಂತ ದೊಡ್ಡದು. ಹರಾಜಿಗೆ ಮುಂಚೆ ನೋಟಿಸ್ ಕೊಡಲೇಬೇಕು, ಆದ್ರೆ ಅದು ಹೋಗೋದು ಅಡ ಇಟ್ಟಾಗ ಕೊಟ್ಟ ವಿಳಾಸಕ್ಕೆ. ವಿಳಾಸ, ನಂಬರ್ ಬದಲಾಗಿದ್ರೆ ಇವತ್ತೇ ಹೋಗಿ ತಿದ್ದಿಸಿ, ಬಡ್ಡಿಯಷ್ಟಾದ್ರೂ ಕಟ್ಟಿ ಮುಂದಕ್ಕೆ ಹಾಕ್ತಾರಾ ಅಂತ ಅಲ್ಲೇ ಕೇಳಿ.

ಮಾವಿನತೋಪು
ಒಂದು ಉಲ್ಟಾ ಪ್ರಶ್ನೆ. ಸಾಲದಿಂದ ಕಾಯಿಲೆ ಅಲ್ಲ, ಕಾಯಿಲೆಯಿಂದ ಸಾಲ ಆದ್ರೆ? ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಉಬ್ಬಿ, ಒಮ್ಮೆ ಪೂರ್ತಿ ಕುಗ್ಗೋ ಕಾಯಿಲೆ) ಇರೋರು ಉಬ್ಬರ ಬಂದಾಗ ಒಂದೇ ವಾರದಲ್ಲಿ ಎಲ್ಲ ಖರ್ಚು ಮಾಡಿಬಿಡ್ತಾರೆ. ಮನೆಯೋರು ಏನು ಮಾಡಬಹುದು? ನಾಮನಿರ್ದೇಶಿತ ಪ್ರತಿನಿಧಿ ಅಂತ ಕಾನೂನಲ್ಲಿ ಇದೆಯಲ್ಲ, ಅವರು ಬ್ಯಾಂಕ್ ನೋಡ್ಕೋಬಹುದಾ?

ನರ್ಸಕ್ಕ
ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರತಿನಿಧಿ ಚಿಕಿತ್ಸೆಯ ತೀರ್ಮಾನಕ್ಕೆ ಮಾತ್ರ, ಖಾತೆಗೆ ಅಲ್ಲ. ದುಡ್ಡಿನ ಏರ್ಪಾಟು ಅವರು ಚೆನ್ನಾಗಿರೋವಾಗ, ಅವರನ್ನೇ ಕೂರಿಸ್ಕೊಂಡು, ಅವರ ಒಪ್ಪಿಗೆಯಿಂದ ಮಾಡ್ಕೊಬೇಕು. ಕದ್ದು ಕಾರ್ಡ್ ಕಿತ್ಕೊಂಡ್ರೆ ಜಗಳ ಜಾಸ್ತಿ ಆಗಿ ಮಾತ್ರೆನೂ ಬಿಡ್ತಾರೆ. ಎರಡು ಮೂರು ದಿನ ನಿದ್ದೆ ಕಮ್ಮಿಯಾದ್ರೂ ಸುಸ್ತಿಲ್ಲ, ಮಾತು ಜೋರು, ಹೊಸ ಬಿಸಿನೆಸ್ ಐಡಿಯಾ ಸುರಿಮಳೆ ಅಂದ್ರೆ ಉಬ್ಬರ ಶುರು. ಖರ್ಚು ನೋಡೋ ಮುಂಚೆ ಡಾಕ್ಟ್ರಿಗೆ ಫೋನ್.

ಕೌಂಟರ್_ನಂ_3
ಬ್ಯಾಂಕ್ ಕಡೆಯಿಂದ: ಎಫ್‌ಡಿಯನ್ನ "ಇಬ್ಬರಲ್ಲಿ ಯಾರಾದರೊಬ್ಬರು" ಅಂತ ಅಲ್ಲ, "ಇಬ್ಬರೂ ಜಂಟಿಯಾಗಿ" ಅಂತ ಮಾಡಿಸಿ, ಆಗ ಒಬ್ಬರೇ ಮುರಿಸೋಕಾಗಲ್ಲ. ಕಾರ್ಡಿನ ಆನ್‌ಲೈನ್ ವ್ಯವಹಾರ ಬ್ಯಾಂಕ್ ಆ್ಯಪಲ್ಲೇ ಆಫ್ ಮಾಡಬಹುದು, ಮಿತಿನೂ ಇಳಿಸಬಹುದು. ಯುಪಿಐ ಅನ್ನ ದೊಡ್ಡ ಖಾತೆಗೆ ಜೋಡಿಸಬೇಡಿ, ವಾರದ ಖರ್ಚು ಹಾಕೋ ಸಣ್ಣ ಖಾತೆಗೆ ಜೋಡಿಸಿ. ಈ ಕೊನೇದು ಕಾಯಿಲೆ ಇಲ್ಲದೋರಿಗೂ ಒಳ್ಳೇದೇ.

ಬಂಗಾರಪೇಟೆ_ಪ್ಯಾಸೆಂಜರ್
ಇಷ್ಟೆಲ್ಲ ಸರಿ. ಆದರೂ 24,000ದಲ್ಲಿ 13,450 ಹೋಗೋ ಮನೆಗೆ ಹಾಳೆ ಬರೆದ್ರೆ ದುಡ್ಡು ಹುಟ್ಟಲ್ಲ ಅನ್ನೋದು ಹಾಗೇ ಉಳೀತು.

ಲೆಕ್ಕದ_ಮೇಷ್ಟ್ರು (ಮಾಲೂರು)
ಹುಟ್ಟಲ್ಲ, ನಿಜ. ಆದ್ರೆ ಇವತ್ತಿನ ಭಯದಲ್ಲಿ ಮೂರನೇ ಸಂಘದ ಸಾಲ ತಗೊಂಡು ಮೊದಲನೇದು ಕಟ್ಟೋ ಹೊತ್ತಿಗೆ ಆ ಹಾಳೆ ತಡೆಯುತ್ತೆ. ಬೈಕ್ ಮಾರಿದ್ರೆ ಏನಾಗುತ್ತೆ, ಕೈಸಾಲದ ಅಸಲು ಅರ್ಧ ಇಳಿಸಿದ್ರೆ ಎಷ್ಟು ಉಳಿಯುತ್ತೆ (750 ಉಳಿಯುತ್ತೆ) ಅಂತ ನೋಡೋಕಾದ್ರೂ ಆಗುತ್ತೆ.

ಸಂಘದಪುಸ್ತಕ (ಚಿಂತಾಮಣಿ)
ಎಲ್ಲರಿಗೂ ಥ್ಯಾಂಕ್ಸ್, ಪ್ರಿಂಟ್ ತೆಗೆದು ಸಭೆಯಲ್ಲಿ ಓದಿಸ್ತೀನಿ. ಕೌಂಟರ್ ಸಾರ್, ಆ ತಾರೀಖು ಬದಲಾಯಿಸೋ ಅರ್ಜಿ ಹೇಗೆ ಬರೆಯೋದು, ನಾಲ್ಕು ಸಾಲು ಹಾಕಿ.

ಕೌಂಟರ್_ನಂ_3
ಹೀಗೆ ಬರೀರಿ ಅಕ್ಕ:

"ಶಾಖಾ ವ್ಯವಸ್ಥಾಪಕರಿಗೆ. ಸಾಲದ ಖಾತೆ ಸಂಖ್ಯೆ ______. ನನ್ನ ಸಂಬಳ ಪ್ರತಿ ತಿಂಗಳು 10ರಂದು ಜಮಾ ಆಗುತ್ತದೆ. ಕಂತು 5ಕ್ಕೆ ಇರುವುದರಿಂದ ಹಣವಿದ್ದೂ ಬೌನ್ಸ್ ಆಗುತ್ತಿದೆ. ಕಂತಿನ ದಿನಾಂಕವನ್ನು 12ಕ್ಕೆ ಬದಲಾಯಿಸಿ, ಅದರಿಂದ ಬಡ್ಡಿಯಲ್ಲಿ ಆಗುವ ವ್ಯತ್ಯಾಸವನ್ನು ಬರಹದಲ್ಲಿ ತಿಳಿಸಬೇಕಾಗಿ ಕೋರಿಕೆ."

ಕೆಳಗೆ ಸಹಿ, ಫೋನ್ ನಂಬರು. ಮೂರು ತಿಂಗಳ ಪಾಸ್‌ಬುಕ್ ಜೆರಾಕ್ಸ್ ಲಗತ್ತಿಸಿ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ತಾರೀಖು ಹಾಕಿಸ್ಕೊಂಡು ಬನ್ನಿ. ಆಟೋ ಡೆಬಿಟ್ ಇದ್ರೆ ಹೊಸ ಮ್ಯಾಂಡೇಟ್‌ಗೆ (ಖಾತೆಯಿಂದ ಕಡಿತಕ್ಕೆ ಕೊಡೋ ಒಪ್ಪಿಗೆ) ಸಹಿ ಕೇಳ್ತಾರೆ. ಅದು ಚಾಲೂ ಆಗೋವರೆಗೆ ಹಳೇ ತಾರೀಖಿಗೇ ಕಟ್ಟಾಗ್ತಿರುತ್ತೆ, ಆ ತಿಂಗಳು 5ಕ್ಕೇ ದುಡ್ಡು ಇಟ್ಟಿರಿ.

ವೇಮಗಲ್_ಶಿಫ್ಟ್
ಸೀಲು ಹಾಕೋಕೆ ಒಪ್ಪದಿದ್ರೆ ಅದೇ ಅರ್ಜಿ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಹಾಳೆಗೇ ಪಿನ್ ಮಾಡಿಡಿ.